ಎರರ್ ನಿಂತ ಮೇಲೆ

ಸತ್ತವರ ಕಣ್ಣು ತೆರೆಸುವ ಕೆಲಸ ಮಾಡುತ್ತಿದ್ದೆ ಎಂದರೆ ಜನ ನನ್ನ ಮುಖ ನೋಡುತ್ತಾರೆ. ಆದರೆ ನನ್ನ ಎರಡನೆಯ ನೌಕರಿಯನ್ನು ಇದಕ್ಕಿಂತ ನೆಟ್ಟಗೆ ವಿವರಿಸಲು ನನಗೆ ಬರುವುದಿಲ್ಲ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಬಸವೇಶ್ವರನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಕಂಪನಿ ಎಂದರೆ ಯಜಮಾನರು, ನಾನು, ಎರಡು ಕಂಪ್ಯೂಟರು, ಮತ್ತು ಕೆಳಗಿನಿಂದ ಏರಿ ಬರುವ ಬನ್ನಿನ ವಾಸನೆ. ವಿಜಯನಗರದ ನಮ್ಮ ಮನೆಯಿಂದ ನಡೆದೇ ಹೋಗಬಹುದಿತ್ತು. ಅದೊಂದೇ ಕಾರಣಕ್ಕೆ ಸೇರಿಕೊಂಡೆ ಎಂದರೂ ನಡೆಯುತ್ತದೆ.

ಯಜಮಾನರು ಫೋಟೋ ಸ್ಟುಡಿಯೋಗಳಿಗಾಗಿ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದರು. ಹಳೆಯ ಫೋಟೋದ ಗೀರು ಅಳಿಸುವುದು, ಗೆದ್ದಲು ತಿಂದ ಮೂಲೆ ತುಂಬುವುದು, ಕಪ್ಪು ಬಿಳುಪಿಗೆ ಬಣ್ಣ ಕೊಡುವುದು. ಇವೆಲ್ಲ ಬೇರೆಯವರೂ ಮಾಡುತ್ತಿದ್ದರು. ನಮ್ಮದರಲ್ಲಿ ಇನ್ನೊಂದಿತ್ತು. ಸ್ಟುಡಿಯೋದವರು ಅದನ್ನು ಕಣ್ಣು ಬಿಡಿಸೋದು ಎನ್ನುತ್ತಿದ್ದರು.

ಬದುಕಿರುವಾಗ ಫೋಟೋ ತೆಗೆಸುವುದು ಎಲ್ಲ ಮನೆಗಳಿಗೂ ಎಟಕುವ ಸಂಗತಿಯಾಗಿರಲಿಲ್ಲ. ಯಾರಾದರೂ ತೀರಿಕೊಂಡಾಗಲೇ, ಮುಖವೂ ಉಳಿಯದೆ ಹೋದೀತೆಂಬ ಭಯಕ್ಕೆ, ಸ್ಟುಡಿಯೋಗೆ ಹೇಳಿ ಕಳಿಸುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆ ಬಾಚಿ, ಹಾರ ಹಾಕಿ ಒಂದು ಫೋಟೋ. ಆಮೇಲೆ ಸ್ಟುಡಿಯೋದ ಕಲಾವಿದ ತೆಳ್ಳನೆಯ ಕುಂಚ ಹಿಡಿದು ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದ. ಎಷ್ಟೋ ಮನೆಗಳ ನಡುಮನೆಯಲ್ಲಿ ನೇತಾಡುವ ತಾತ ಅಜ್ಜಿಯರ ಕಣ್ಣುಗಳು ಹಾಗೆ ಬಂದವು. ಕಲಾವಿದರು ಹೋದರು, ಕುಂಚಗಳೂ ಹೋದವು, ಆದರೆ ಟ್ರಂಕಿನ ತಳದಲ್ಲಿ ಕಣ್ಣು ಮುಚ್ಚಿದ ಫೋಟೋಗಳು ಹಾಗೇ ಉಳಿದಿದ್ದವು. ಅವನ್ನು ಹಿಡಿದುಕೊಂಡು ಜನ ಇನ್ನೂ ಸ್ಟುಡಿಯೋಗೆ ಬರುತ್ತಿದ್ದರು.

ನಮ್ಮ ಸಾಫ್ಟ್‌ವೇರ್ ಮಾಡುತ್ತಿದ್ದದ್ದು ಇಷ್ಟು. ಸತ್ತವರ ಫೋಟೋ ಸ್ಕ್ಯಾನ್ ಮಾಡಿ ಕಣ್ಣಿನ ಜಾಗ ಗುರುತಿಸಬೇಕು. ಅವರ ರಕ್ತಸಂಬಂಧಿ ಯಾರದಾದರೂ ಫೋಟೋ ಪಕ್ಕದಲ್ಲಿಡಬೇಕು. ಸಂಬಂಧಿಯ ಕಣ್ಣುಗಳು ಆ ಮುಖದ ಅಳತೆಗೆ, ಬಣ್ಣಕ್ಕೆ, ಬೆಳಕಿಗೆ ಹೊಂದಿಕೊಂಡು ಕೂರುತ್ತವೆ. ಲೆಕ್ಕ ಬಹಳ, ಮಾಮೂಲಿ ಕಂಪ್ಯೂಟರಿಗೆ ಏದುಸಿರು ಬರುತ್ತಿತ್ತು. ಅದಕ್ಕೆ ಯಜಮಾನರು ಗ್ರಾಫಿಕ್ಸ್ ಕಾರ್ಡನ್ನು ಹಿಡಿದರು. ಹುಡುಗರು ಗೇಮ್ ಆಡಲೆಂದು ಹಾಕಿಸಿಕೊಳ್ಳುವ ಆ ಕಾರ್ಡಿನಿಂದ ಇಂಥ ಲೆಕ್ಕವನ್ನೂ ಮಾಡಿಸಬಹುದು ಎನ್ನುವುದು ಆಗಷ್ಟೇ ಬಂದ ಸುದ್ದಿ. ಕಣ್ಣು ಜೋಡಿಸುವ ಆ ಭಾಗವನ್ನು ಅವರೇ ಬರೆದಿದ್ದರು. ಅದನ್ನು ಉಳಿದ ಪ್ರೋಗ್ರಾಮಿನ ಜೊತೆ ಹೊಂದಿಸಿ ಬಿಲ್ಡ್ ಮಾಡುವುದು, ಅಂದರೆ ಬರೆದದ್ದನ್ನೆಲ್ಲ ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿ ಒಂದಾಗಿ ಕಟ್ಟುವುದು, ನನ್ನ ಪಾಲಿಗೆ ಬಂದಿತ್ತು.

ಆ ಕೆಲಸ ನನ್ನ ಜೀವ ತಿಂದಿತು. ಮಾಮೂಲಿ ಭಾಗವನ್ನು ತಿರುಗಿಸಲು ಒಂದು ಕಂಪೈಲರ್, ಕಾರ್ಡಿನ ಭಾಗಕ್ಕೆ ಇನ್ನೊಂದು. ಒಂದೇ ಅಡುಗೆಮನೆಯ ಇಬ್ಬರು ವಾರಗಿತ್ತಿಯರ ಹಾಗೆ ಒಬ್ಬರು ಇಟ್ಟದ್ದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಬಿಲ್ಡ್ ಬಟನ್ ಒತ್ತಿದರೆ ಸಾಕು, ಪರದೆಯ ತುಂಬ ಎರರುಗಳು. ಆ ಫೈಲ್ ಕಾಣಿಸುತ್ತಿಲ್ಲ, ಈ ಹೆಸರು ಗೊತ್ತಿಲ್ಲ, ಈ ಆವೃತ್ತಿ ಆಗಿಬರುವುದಿಲ್ಲ. ನನಗೆ ಮೂಗಿನ ತುದಿಯಲ್ಲಿ ಕೋಪ. ನಾನು ಕಂಪ್ಯೂಟರಿಗೆ ಬಯ್ಯುವುದು ಕೇಳಿ ಕೆಳಗಿನ ಬೇಕರಿಯವರು, ಮೇಲೆ ಗಂಡ ಹೆಂಡತಿ ಬಾಡಿಗೆಗಿದ್ದಾರೆ ಎಂದುಕೊಂಡಿದ್ದರಂತೆ.

ಇನ್ನೊಂದು ಸಂಗತಿ ಹೇಳಬೇಕು. ಆ ಮಾಮೂಲಿ ಕಂಪೈಲರ್ ದುಡ್ಡು ಕೊಡದೆ ಕೆಲವೇ ದಿನ ಬಳಸಬಹುದಾದ ಟ್ರಯಲ್ ಪ್ರತಿ. ಅದರ ಅವಧಿ ಮುಗಿಯುವ ಹೊತ್ತಿಗೆ ಯಜಮಾನರು ಆ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಳ್ಳಿಬಿಟ್ಟರು. ಮುಂದೆಯೂ ಅವಧಿ ಹತ್ತಿರ ಬಂದಾಗಲೆಲ್ಲ ತಳ್ಳುತ್ತಿದ್ದರು. ಊದುಬತ್ತಿ ಹಚ್ಚಿ, ದೇವರ ಫೋಟೋಗೆ ಕೈ ಮುಗಿದು, ಆಮೇಲೆ ತಾರೀಖು. ಅಂದಿನ ಸಣ್ಣಪುಟ್ಟ ಆಫೀಸುಗಳಲ್ಲಿ ಇದು ಟೀ ತರಿಸಿದಷ್ಟೇ ಸಹಜ. ಹೊರಗೆ ಒಂದು ವರ್ಷ ನಡೆಯುತ್ತಿದ್ದರೆ ಆ ಯಂತ್ರದೊಳಗೆ ಹೋದ ವರ್ಷ ನಡೆಯುತ್ತಿತ್ತು. ಯಾರೂ ಅದನ್ನು ವಿಚಿತ್ರ ಎಂದುಕೊಳ್ಳಲಿಲ್ಲ, ನಾನೂ ಅಷ್ಟೇ.

ಅದಾದ ಕೆಲವು ದಿನಗಳಿಗೆ ಕಾರ್ಡಿನ ಭಾಗದ ಎರರುಗಳು ನಿಂತವು. ಬಟನ್ ಒತ್ತಿದರೆ ಕೆಳಗೆ ತಣ್ಣಗೆ ಒಂದು ಸಾಲು: ಎರರ್ ಸೊನ್ನೆ. ದಿನವೂ ಸೊನ್ನೆ. ನನ್ನ ಕೈಗುಣ ಎಂದು ಯಜಮಾನರು ಕೆಳಗಿನಿಂದ ದಿಲ್‌ಪಸಂದ್ ತರಿಸಿದರು. ನಾನೂ ಹೌದೆಂದುಕೊಂಡು ತಿಂದೆ. ಕಣ್ಣಿನ ಭಾಗ ಮೊದಲೇ ಓಡಿದ್ದರಿಂದ ಅದನ್ನು ಮತ್ತೆ ಪರೀಕ್ಷಿಸಲಿಲ್ಲ, ಗೀರು ಕಲೆಗಳನ್ನಷ್ಟೇ ನೋಡಿದೆವು. ಸಾಫ್ಟ್‌ವೇರನ್ನು ರಾಜಾಜಿನಗರದ ಒಂದು ಸ್ಟುಡಿಯೋಗೆ, ಬಳಸಿ ನೋಡಲಿ ಎಂದು ಹಾಕಿಕೊಟ್ಟು ಬಂದೆವು.

ಸ್ಟುಡಿಯೋದ ಮಾಲೀಕರು ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಒಂದು ಮಧ್ಯಾಹ್ನ ಫೋನ್ ಮಾಡಿದರು.

“ಮೇಡಂ, ಒಂದ್ಸಲ ಬಂದು ಹೋಗಿ. ಫೋನಲ್ಲಿ ಹೇಳಿದ್ರೆ ನೀವು ನಗ್ತೀರಾ.”

ನಾನು ಹೋದಾಗ ಅವರು ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಕೂತಿದ್ದರು. ಕೌಂಟರಿನ ಮೇಲೆ ಎರಡು ದೊಡ್ಡ ಪ್ರಿಂಟು. ಒಂದರಲ್ಲಿ ಪೇಟ ಸುತ್ತಿದ ಅಜ್ಜ, ಇನ್ನೊಂದರಲ್ಲಿ ದಪ್ಪ ಮೂಗುತಿಯ ಹೆಂಗಸು. ಕಂಪ್ಯೂಟರಿನ ಪರದೆಯ ಮೇಲೆ ಏಳೆಂಟು ವರ್ಷದ ಒಂದು ಹುಡುಗಿ, ಎರಡು ಜಡೆ, ಕೊರಳಲ್ಲಿ ಅವಳಿಗಿಂತ ದೊಡ್ಡದಾದ ಹಾರ.

“ಅಜ್ಜನಿಗೆ ಅವ್ರ ಮಗನ ಕಣ್ಣು ಕೊಟ್ಟೆ. ಈ ಆಂಟಿಗೆ ಅವ್ರಣ್ಣಂದು. ಮಗೂಗೆ ಅದರ ಚಿಕ್ಕಮ್ಮಂದು. ಬಂದಿರೋದು ಮಾತ್ರ ನೋಡಿ.”

ನೋಡಿದೆ. ಮೂವರಿಗೂ ಒಂದೇ ಕಣ್ಣು. ಒಂದೇ ತರಹದ ಕಣ್ಣಲ್ಲ, ಅದೇ ಕಣ್ಣು. ಎಡಗಣ್ಣು ಬಲದ್ದಕ್ಕಿಂತ ಕೊಂಚ ಕಿರಿದು. ಅಜ್ಜನಲ್ಲಿ ಅದರ ಸುತ್ತ ಸುಕ್ಕು ಬಂದಿತ್ತು, ಹೆಂಗಸಿನಲ್ಲಿ ಕಾಡಿಗೆಯಂಥ ನೆರಳು, ಹುಡುಗಿಯಲ್ಲಿ ಎಳೆಯ ಚರ್ಮ. ಮೂವರೂ ಸ್ವಲ್ಪ ಸಿಡುಕಿನಿಂದ, ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಬೇಜಾರಾದವರಂತೆ ನೋಡುತ್ತಿದ್ದರು. ನಾನು ಕೌಂಟರಿನ ಆ ತುದಿಗೆ ಹೋದರೆ ಅಲ್ಲಿಗೂ ನೋಟ ಬಂತು. ಈ ಕಣ್ಣುಗಳನ್ನು ನಾನು ಎಲ್ಲೋ ನೋಡಿದ್ದೇನೆ, ಬಹಳ ಹತ್ತಿರದಿಂದ ನೋಡಿದ್ದೇನೆ ಎನ್ನಿಸಿತು.

“ಅಜ್ಜನ್ನೂ ಆಂಟೀನೂ ಕೊಟ್ಟಿಲ್ಲ ಮೇಡಂ, ಇಟ್ಕೊಂಡಿದೀನಿ. ಆದ್ರೆ ಮಗೂ ಪ್ರಿಂಟು ಅವ್ರಮ್ಮ ತಗೊಂಡು ಹೋಗ್ಬಿಟ್ರು.”

ಆ ತಾಯಿ ಸುಂಕದಕಟ್ಟೆಯವರು. ಮಗಳು ಹೋಗಿ ಇಪ್ಪತ್ತು ವರ್ಷದ ಮೇಲಾಗಿದೆ. ಇದ್ದದ್ದು ಹೋದ ಮೇಲೆ ತೆಗೆಸಿದ ಒಂದೇ ಫೋಟೋ. ಅಷ್ಟು ವರ್ಷ ಕಣ್ಣು ಬಿಡಿಸಬೇಕು ಎಂದು ಅನ್ನಿಸಿರಲಿಲ್ಲವಂತೆ. ಈಗ ಯಾಕೆ ಎಂದು ಮಾಲೀಕರು ಕೇಳಿದ್ದಕ್ಕೆ ಆಕೆ ಹೇಳಿದ್ದನ್ನು ಅವರು ನನಗೆ ಹೇಳಿದರು. ಮೂಗು ನೆನಪಿದೆ, ಬಾಯಿ ನೆನಪಿದೆ, ಜಡೆ ಹೆಣೆಯುವಾಗ ಕೂದಲು ಬೆರಳಿಗೆ ಸಿಕ್ಕುತ್ತಿದ್ದದ್ದೂ ನೆನಪಿದೆ, ಕಣ್ಣು ಮಾತ್ರ ಮರೆತೇಹೋಗಿದೆ. ಕನಸಿನಲ್ಲಿ ಬಂದರೂ ಮಗಳು ಕಣ್ಣು ಮುಚ್ಚಿಕೊಂಡೇ ಓಡಾಡುತ್ತಾಳೆ. ತಂಗಿಯ ಕಣ್ಣು ಥೇಟ್ ಮಗಳದ್ದೇ ಎಂದು ಎಲ್ಲರೂ ಹೇಳುತ್ತಿದ್ದರು, ಅದಕ್ಕೆ ತಂಗಿಯ ಫೋಟೋ ತಂದಿದ್ದೇನೆ ಎಂದರಂತೆ.

“ಪ್ರಿಂಟ್ ನೋಡಿ ಏನಂದ್ರು?”

“ಏನೂ ಅನ್ಲಿಲ್ಲ ಮೇಡಂ. ಎದೆಗೆ ಅವುಚ್ಕೊಂಡು ಎದ್ದು ಹೋದ್ರು. ತಪ್ಪಾಗಿದೆ ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ.”

ಹಾಗಾದರೆ ಆ ತಾಯಿಯ ಮನೆಯಲ್ಲಿ ಈಗ ಮಗಳ ಮುಖದಲ್ಲಿ ಯಾರದೋ ಕಣ್ಣು. ಮರೆತ ಜಾಗವನ್ನು ತುಂಬಲು ಬಂದವರಿಗೆ ನಾವು ಕೊಟ್ಟು ಕಳಿಸಿದ್ದು ಅದು. ದಿನವೂ ಅದನ್ನೇ ನೋಡುತ್ತಾ ಹೋದರೆ ನಿಜವಾದ ಕಣ್ಣು ಇನ್ನೆಂದೂ ನೆನಪಿಗೆ ಬರುವುದಿಲ್ಲ. ಬೇಗ ಸರಿಮಾಡಿ ಕೊಡುತ್ತೇನೆ ಎಂದು ಎದ್ದೆ. ಹೊರಡುವಾಗ ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಗೋಡೆಗೆ ಹಾಕಿದ್ದ ಕನ್ನಡಿಯ ಮುಂದೆ ಹಾದೆ. ಕೆಳಗೆ ಹಣಿಗೆ, ಪೌಡರ್ ಡಬ್ಬಿ. ಕನ್ನಡಿಯಲ್ಲಿ ಅಜ್ಜನ, ಆ ಹೆಂಗಸಿನ, ಆ ಹುಡುಗಿಯ ಕಣ್ಣು ನನ್ನ ಮುಖದಲ್ಲಿತ್ತು. ಎಡಗಣ್ಣು ಕೊಂಚ ಕಿರಿದು. ಅದೇ ಸಿಡುಕು.

ಹೇಗೆ ಬಸವೇಶ್ವರನಗರ ತಲುಪಿದೆನೋ ಗೊತ್ತಿಲ್ಲ. ಆಫೀಸಿನಲ್ಲಿ ಯಜಮಾನರು ಚುರುಮುರಿ ತಿನ್ನುತ್ತಿದ್ದರು.

“ಸಾರ್, ಮೊದಲು ಟೆಸ್ಟಿಗೆ ಅಂತ ಕಾರ್ಡ್ ಕೋಡಿನೊಳಗೇ ಒಂದು ಜೊತೆ ಕಣ್ಣು ಇಟ್ಟಿದ್ರಲ್ಲ, ಅದು ಯಾರದ್ದು?”

“ಅದಾ? ಟೇಬಲ್ ಮೇಲೆ ಯಾವ್ದೋ ಪಾಸ್‌ಪೋರ್ಟ್ ಫೋಟೋ ಇತ್ತು, ಸ್ಕ್ಯಾನ್ ಮಾಡ್ದೆ. ನಿಮ್ ಅಪ್ಲಿಕೇಶನ್ ಜೊತೆ ಬಂದಿದ್ದು ಇರ್ಬೇಕು ಕಣಮ್ಮ. ಅದನ್ನ ತೆಗೆದು ಆಗ್ಲೇ ಎಷ್ಟೋ ದಿನ ಆಯ್ತಲ್ಲ.”

ತೆಗೆದಿದ್ದರು. ಕಾರ್ಡಿನ ಭಾಗದ ಕೋಡ್ ತೆರೆದು ನೋಡಿದೆ, ನನ್ನ ಕಣ್ಣು ಎಲ್ಲೂ ಇರಲಿಲ್ಲ. ಸ್ಟುಡಿಯೋದವರು ಕೊಟ್ಟ ಫೋಟೋದಿಂದ ಕಣ್ಣು ತೆಗೆದುಕೋ ಎಂದು ಸ್ಪಷ್ಟವಾಗಿ ಬರೆದಿತ್ತು. ಬಿಲ್ಡ್ ಮಾಡಿದೆ. ಎರರ್ ಸೊನ್ನೆ. ಸ್ಟುಡಿಯೋದಿಂದ ತಂದ ಅಜ್ಜನ ಫೋಟೋ, ಪಕ್ಕಕ್ಕೆ ಮಗನದು ಹಾಕಿ ಓಡಿಸಿದೆ. ಅಜ್ಜ ನನ್ನ ಕಣ್ಣು ಬಿಟ್ಟು ನನ್ನನ್ನು ನೋಡಿದ.

ಕಣ್ಣಿನ ಪಾಪೆ ಹಸಿರಾಗಲಿ ಎಂದು ಒಂದು ಸಾಲು ಸೇರಿಸಿದೆ. ಎರರ್ ಸೊನ್ನೆ. ಪಾಪೆ ಕಪ್ಪಾಗಿಯೇ ಇತ್ತು. ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುವ ಬಟನ್ನೂ ಇತ್ತು, ಅದನ್ನೂ ಒತ್ತಿದೆ. ಅದೇ ಕಣ್ಣು. ಕೊನೆಗೆ ರೇಗಿಹೋಗಿ, ಮನೆಯಲ್ಲಿ ಆಡಲಾಗದ ಒಂದು ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೋಡಿನ ನಟ್ಟನಡುವೆ ಹೊಡೆದೆ. ಜಗತ್ತಿನ ಯಾವ ಕಂಪೈಲರೂ ಅದನ್ನು ಒಪ್ಪಲು ಸಾಧ್ಯವಿರಲಿಲ್ಲ. ಬಟನ್ ಒತ್ತಿದೆ.

ಎರರ್ ಸೊನ್ನೆ.

ಆಗ ನಿಜವಾಗಿ ಹೆದರಿಕೆಯಾಯಿತು. ಹೊರಗೆ ಹಗಲು, ರಸ್ತೆಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು, ಯಜಮಾನರು ಚುರುಮುರಿಯ ಕಾಗದ ಮುದುರುತ್ತಿದ್ದರು. ಆದರೂ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆ. ತಿಂಗಳುಗಟ್ಟಲೆ ನಾನು ಈ ಯಂತ್ರದ ಜೊತೆ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದು ನನ್ನ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಸೊನ್ನೆ ಎಂದದ್ದು ಸರಿಯಾಗಿದೆ ಎಂದಲ್ಲ, ನೋಡಿಯೇ ಇಲ್ಲ ಎಂದು. ಎರರುಗಳು ಬರುತ್ತಿದ್ದ ದಿನಗಳಲ್ಲಿ ಕನಿಷ್ಠ ಆ ಕಡೆ ಯಾರೋ ಇದ್ದರು.

ಹುಡುಕುತ್ತಾ ಹೋಗಿ ಕೊನೆಗೆ ಒಂದು ಮೂಲೆಯ ಫೋಲ್ಡರ್ ತಲುಪಿದೆ. ಕಾರ್ಡಿನ ಭಾಗ ಒಮ್ಮೆ ಯಂತ್ರದ ಭಾಷೆಗೆ ತಿರುಗಿದ ಮೇಲೆ ಅಲ್ಲಿ ಒಂದು ಫೈಲಾಗಿ ಕೂರುತ್ತಿತ್ತು. ಅದರ ಪಕ್ಕದ ತಾರೀಖು ನೋಡಿದೆ. ತಾರೀಖು ಹಿಂದಕ್ಕೆ ತಳ್ಳುವ ಮೊದಲು ತಯಾರಾದ ಫೈಲು ಅದು. ಆ ಯಂತ್ರದ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇರಲಿಲ್ಲ. ಬಿಲ್ಡ್ ಮಾಡುವ ವ್ಯವಸ್ಥೆ ನೋಡುವುದು ಒಂದನ್ನೇ: ನಾವು ಬರೆದದ್ದು ಹೊಸದೋ, ಮೊದಲೇ ತಯಾರಾಗಿರುವುದು ಹೊಸದೋ. ನಾವು ಆಮೇಲೆ ಬರೆದದ್ದಕ್ಕೆಲ್ಲ ಹೋದ ವರ್ಷದ ತಾರೀಖು ಬೀಳುತ್ತಿತ್ತು. ಆ ಫೈಲು ಮಾತ್ರ ಮುಂದಿನ ವರ್ಷದಲ್ಲಿ ಕೂತು, ನಾನೇ ಎಲ್ಲರಿಗಿಂತ ಹೊಸಬ, ನನ್ನನ್ನು ಮುಟ್ಟಬೇಕಿಲ್ಲ ಎನ್ನುತ್ತಿತ್ತು. ಅದು ಬೇರೆ ಫೋಲ್ಡರಿನಲ್ಲಿದ್ದದ್ದರಿಂದ ಅಳಿಸುವ ಬಟನ್ನಿಗೂ ಸಿಕ್ಕಿರಲಿಲ್ಲ. ಅದರೊಳಗೆ ನನ್ನ ಕಣ್ಣು.

ಯಜಮಾನರನ್ನು ಕರೆದು ತೋರಿಸಿದೆ.

“ಅಯ್ಯೋ, ಇಷ್ಟೇನಾ? ಡಿಲೀಟ್ ಮಾಡಿ ಬಿಸಾಕಮ್ಮ.”

ನನಗೆ ಕೆಟ್ಟ ಕೋಪ ಬಂತು. ಆದರೆ ಇನ್ನೇನು ಮಾಡುವುದಿತ್ತು? ಡಿಲೀಟ್ ಒತ್ತಿದೆ. ಖಂಡಿತವಾಗಿಯೂ ಅಳಿಸಬೇಕೇ ಎಂದು ಕೇಳಿತು. ನನ್ನದೇ ಕಣ್ಣಿನ ವಿಷಯದಲ್ಲಿ ಹಾಗೆ ಕೇಳಿಸಿಕೊಂಡಾಗ ಒಂದು ಕ್ಷಣ ಕೈ ನಿಂತದ್ದು ನಿಜ. ಅಳಿಸಿ, ಬಿಲ್ಡ್ ಮಾಡಿದೆ. ಪರದೆಯ ತುಂಬ ಎರರುಗಳು ದಬದಬ ಬಿದ್ದವು. ಮೊದಲನೆಯದು ನನ್ನ ಬೈಗುಳದ ಸಾಲಿನದೇ. ಇಷ್ಟು ಎರರ್ ನೋಡಿ ಸಮಾಧಾನದ ಉಸಿರು ಬಿಟ್ಟವರು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಎಲ್ಲವನ್ನೂ ಸರಿಪಡಿಸಿ ಮತ್ತೆ ಸ್ಟುಡಿಯೋಗೆ ಹೋದೆ. ಅಜ್ಜನಿಗೆ ಮಗನ ಕಣ್ಣು ಬಂತು. ಹೆಂಗಸಿಗೆ ಅಣ್ಣನ ಕಣ್ಣು. ಹುಡುಗಿಗೆ ಚಿಕ್ಕಮ್ಮನ ಕಣ್ಣು. ದುಂಡನೆಯ, ಶಾಂತವಾದ, ಆ ಮುಖದ್ದೇ ಎನ್ನುವಂಥ ಕಣ್ಣು. ಪ್ರಿಂಟ್ ತೆಗೆದು ಅವರು ಕವರಿಗೆ ಹಾಕಿದರು.

“ಮೇಡಂ, ನೀವೇ ಕೊಟ್ಬಿಡಿ. ನನ್ನ ಕೈಲಿ ಆಗಲ್ಲ.”

ಮಾಗಡಿ ರಸ್ತೆಯ ಬಸ್ಸು ಹಿಡಿದು ಸುಂಕದಕಟ್ಟೆಯಲ್ಲಿ ಇಳಿದೆ. ಬೆಳಗಿನ ಹೊತ್ತು. ಸಾಲು ಮನೆಗಳಲ್ಲಿ ಕೊನೆಯದು. ಬಾಗಿಲಲ್ಲೇ ಆ ತಾಯಿ ಊದುಬತ್ತಿ ಹೊಸೆಯುತ್ತಾ ಕೂತಿದ್ದರು. ಮುಂದೆ ಮಣೆ, ಕಪ್ಪು ಹಿಟ್ಟಿನ ಮುದ್ದೆ, ಒಣಗಲು ಹರಡಿದ ಬತ್ತಿಗಳು. ಸ್ಟುಡಿಯೋದಿಂದ ಬಂದೆ ಎಂದೆ. ತಲೆ ಎತ್ತಿದವರು ನನ್ನ ಮುಖ ನೋಡಿ, ಹೊಸೆಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಒಳಗೆ ಬಾ ಎಂದರು.

ಗೋಡೆಯ ಮೇಲೆ ಹುಡುಗಿ ಇದ್ದಳು. ಆಗಲೇ ಫ್ರೇಮು ಹಾಕಿಸಿ, ಸೇವಂತಿಗೆ ಮುಡಿಸಿದ್ದರು. ನನ್ನ ಕಣ್ಣು ನನ್ನನ್ನು ಸಿಡುಕಿನಿಂದ ನೋಡಿತು.

“ಅಮ್ಮಾ, ಅದು ತಪ್ಪಾಗಿದೆ. ಕಂಪ್ಯೂಟರ್‌ದು ತಪ್ಪು. ಆ ಕಣ್ಣು ಅವಳದ್ದಲ್ಲ. ಸರಿಯಾಗಿರೋದು ತಂದಿದೀನಿ.”

ಕವರಿನಿಂದ ಹೊಸ ಪ್ರಿಂಟ್ ತೆಗೆದೆ. ಆಕೆ ತಮ್ಮ ಕಪ್ಪು ಅಂಗೈಗಳನ್ನು ತೋರಿಸಿದರು.

“ನನ್ ಕೈ ಮಸಿ. ನೀನೇ ಹಿಡ್ಕೊ. ಅದರ ಪಕ್ಕಕ್ಕೆ ಹಿಡಿ.”

ಫ್ರೇಮಿನ ಪಕ್ಕಕ್ಕೆ ಹಿಡಿದು ನಿಂತೆ. ಗೋಡೆಯ ಹುಡುಗಿ, ಕೈಯ ಹುಡುಗಿ, ನಡುವೆ ನಾನು. ಆಕೆ ಅವಸರವಿಲ್ಲದೆ ಹೊಸದನ್ನು ನೋಡಿದರು. ಆಮೇಲೆ ಹಳೆಯದನ್ನು. ಆಮೇಲೆ ನನ್ನನ್ನು. ಎಲ್ಲಾದರೂ ಬೇರೆ ಕಡೆ ನೋಡೋಣ ಎಂದರೆ ನನಗೆ ಜಾಗವಿರಲಿಲ್ಲ.

“ಗೊತ್ತಾಯ್ತು,” ಎಂದರು. “ನೀನು ಬಾಗ್ಲಲ್ಲಿ ನಿಂತಾಗ್ಲೇ ಗೊತ್ತಾಯ್ತು.”

“ಇದು ನಿಮ್ಮ ತಂಗೀದು ಅಮ್ಮಾ. ಇದೇ ಅವಳ ಕಣ್ಣಿಗೆ ಹತ್ರ ಇರೋದು.”

“ಹತ್ರನೇ ಐತೆ. ಇದ್ರಲ್ಲಿ ಏನೂ ಆಗೇ ಇಲ್ಲ ಅನ್ನೋ ಹಂಗೆ ನೋಡ್ತಾಳೆ.” ಆಕೆ ಗೋಡೆಯ ಕಡೆ ಗದ್ದ ಎತ್ತಿದರು. “ಜ್ವರ ಬಂದು ಮಲಗಿದ್ಲು. ನಾಳೆ ಆಸ್ಪತ್ರೆಗೆ ಹೋಗಾಣ, ನಾಳೆ ಹೋಗಾಣ ಅಂತ ಸುಮ್ಕಿದ್ದೆ. ಒಂದ್ಸಲಾನೂ ಅವಳು ನನ್ನ ಬೈಲಿಲ್ಲ ಕಣಮ್ಮ. ಇವಳು ಬೈತಾಳೆ. ಈಗ ರಾತ್ರಿ ಕಣ್ಣು ಬಿಟ್ಕಂಡು ಬತ್ತಾಳೆ. ನಿಂತು ನನ್ನೇ ನೋಡ್ತಾಳೆ.”

ಅದು ನಿಮ್ಮ ಮಗಳಲ್ಲ, ಕೆಲಸಕ್ಕೆ ಅರ್ಜಿ ಹಾಕಲು ಉರಿಬಿಸಿಲಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡಾಗ ನನಗಿದ್ದ ಕೋಪ ಅದು ಎಂದು ಹೇಳಬೇಕೆನ್ನಿಸಿತು. ಬಾಯಿ ತೆರೆದರೆ ಅಳು ಬಂತು.

ಆಕೆ ಸಮಾಧಾನ ಮಾಡಲಿಲ್ಲ. ಕೈಯಲ್ಲಿದ್ದ ಪ್ರಿಂಟನ್ನು ಮತ್ತೆ ಕವರಿಗೆ ಹಾಕು ಎಂದು ಸನ್ನೆ ಮಾಡಿದರು. ಬಾಗಿಲ ತನಕ ಬಂದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು.

“ಬೇಜಾರು ಮಾಡ್ಕಬ್ಯಾಡ. ನೀನು ಇನ್ನು ಈ ಕಡೆ ಬರ್ಬ್ಯಾಡ ಕಣಮ್ಮ. ನಿನ್ನ ಇನ್ನೊಂದ್ಸಲ ನೋಡಿದ್ರೆ ಅವಳು ಹೊಂಟೋಯ್ತಾಳೆ.”

ಹೂಂ ಎಂದೆ. ಮಾತು ಕೊಟ್ಟ ಮೇಲೆ ಸುಂಕದಕಟ್ಟೆಗೆ ಹೋಗಿಲ್ಲ. ಮಾಗಡಿ ರಸ್ತೆಯಲ್ಲಿ ಹೋಗಲೇಬೇಕಾಗಿ ಬಂದಾಗ, ಬಸ್ಸು ಆ ಸ್ಟಾಪಿನಲ್ಲಿ ನಿಂತು ಮತ್ತೆ ಹೊರಡುವವರೆಗೆ ಕಣ್ಣು ಮುಚ್ಚಿಕೊಂಡು ಕೂತಿರುತ್ತೇನೆ.